ಪುಣೆಕ್ಕ ಬಂದ ತಮ್ಮಗ, ಮೂರು ಸಾಲಿನ ಗಾಡಿ ಬಗ್ಗೆ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಹುಬ್ಬಳ್ಳಿ ಬಿಟ್ಟು ಪುಣೆದ ವಾಕಡಕ್ಕ ಬಂದೀದಿ, ಅಪ್ಪ ಅವ್ವ ಜೋಡಿಗೇ ಅದಾರ, ಹುಡುಗ್ರು ಇಬ್ರು, ಹತ್ತು ವರ್ಷ ತ್ರಾಸ ಕೊಡಲಾರದಂಥಾ ಮೂರು ಸಾಲಿನ ಎಸ್‌ಯುವಿ ಯಾವುದು, ಊರಾಗ ತಗೊಂಡು ತರ್ಲೋ ಇಲ್ಲೇ ತಗೊಳ್ಲೋ, ಸಾಲಿ ಹೆಂಗ, ಮಂದಿ ಹೆಂಗ ಅಂತ ಕೇಳೀದಿ. ಸಾಲಿ ವಿಷಯ ನಮ್ಮ ಮನಿಯಾಕಿಗೆ ಭಾಳ ಗೊತ್ತು, ಆಕಿ ಕೂಡ ಮಾತಾಡಸ್ತೀನಿ. ಮಂದಿ ಛಲೋ ಅದಾರ, ಮರಾಠಿ ಕಲಿ ಅಷ್ಟ. ಗಾಡಿ ವಿಷಯ ಮಾತ್ರ ಸ್ವಲ್ಪ ಉದ್ದ ಆಗ್ತದ, ಕೂತು ಓದು.

ನಾ ಬಂದಾಗ ಕೊಥ್ರೂಡದಾಗ ನಮ್ಮ ಕಡಿ ನಾಕು ಮನಿಯವ್ರು ಸೇರಿ ದೀಪಾವಳಿಗೆ ಒಂದು ಸುಮೋ ಬಾಡಿಗಿ ಹಿಡೀತಿದ್ವಿ, ಹಿಂದ ಎದುರಾ ಬದುರಾ ಕೂತು ಕಾತ್ರಜ ಘಾಟ್ ಇಳಿಯೂದ್ರಾಗ ಹುಡುಗ್ರು ವಾಂತಿ ಸುರು ಮಾಡ್ತಿದ್ವು. ಮುಂದ ನಮ್ದ ಅಂತ ಒಂದು ಗಾಡಿ ಆತು, ಸೆಕೆಂಡ್ ಹ್ಯಾಂಡ್ ಹಳೇ ಇನ್ನೋವಾ, 2.5 ಡೀಸೆಲ್. ಟೈಮಿಂಗ್ ಬೆಲ್ಟ್ ಹೊತ್ತಿಗೆ ಸರಿಯಾಗಿ ಬದಲಿ ಮಾಡಸ್ಕೋತ ಹೋದೆ, ಸಸ್ಪೆನ್ಷನ್ ಬುಶ್ಶು, ಕ್ಲಚ್ಚು, ಹಿಂದಿನ ಎಸಿ ಬ್ಲೋವರ್ ಎಲ್ಲಾ ಇಲ್ಲಿ ನಾನಾ ಪೇಠ ಅನ್ನೂ ಪಾರ್ಟಿನ ಮಾರ್ಕೆಟ್ಟಿನ್ಯಾಗ ಸಿಗ್ತಿತ್ತು, ಮೂರು ಲಕ್ಷ ಕಿಲೋಮೀಟರ್ ದಾಟೇದ, ಈಗೂ ನವಲಗುಂದದಾಗ ಕಾಕಾನ ಮಗ ಅದನ್ನ ಓಡಸ್ಲಿಕತ್ತಾನ. ಅದರ ಬಗ್ಗೆ ನಂಗ ಅಭಿಮಾನ ಅದ, ಅದೂ ಬಿಡದಿಯೊಳಗ ನಮ್ಮ ಮಂದಿ ಕೈಯಿಂದ ತಯಾರಾದ ಗಾಡಿ.

ಅದನ್ನ ಕೊಟ್ಟ ಮ್ಯಾಲೆ ತಗೊಂಡ ಹೊಸಾ ಗಾಡಿ ವಿಷಯನ ನಿನಗ ಹೇಳಬೇಕಾಗಿದ್ದು. ಕಂಪನಿ ಹೆಸರು ಬ್ಯಾಡ. ಏಳು ಸೀಟು, ಡೀಸೆಲ್, ಬಿಎಸ್ 6, ನೋಡ್ಲಿಕ್ಕೆ ರಾಜಾನಂಗ. 2020ರ ಏಪ್ರಿಲ್‌ದಿಂದ ಬಿಎಸ್ 6 ಅನ್ನೂ ಹೊಗಿ ನಿಯಮ ಬಂದ ಮ್ಯಾಲೆ ಈಗಿನ ಡೀಸೆಲ್ ಕಾರಿಗೆಲ್ಲಾ ಸೈಲೆನ್ಸರ್ ದಾರಿಯೊಳಗ ಡಿಪಿಎಫ್ ಅಂತ ಒಂದು ಫಿಲ್ಟರ್ ಇರ್ತದ, ಹೊಗಿಯೊಳಗಿನ ಮಸಿ ಅದು ಹಿಡಿದಿಟ್ಕೋತದ. ಹೈವೇದಾಗ ಒಂದಿಪ್ಪತ್ತು ನಿಮಿಷ ಒಂದ ಸಮ ಓಡಿಸಿದ್ರ ಅದು ಕಾದು ಮಸಿ ಸುಟ್ಟು ಹೋಗ್ತದ. ನಮ್ಮ ಗಾಡಿ ಓಡ್ತಿದ್ದದ್ದು ಹುಡುಗ್ರ ಸಾಲಿಗೆ, ಭಾಜಿ ಮಾರ್ಕೆಟ್ಟಿಗೆ, ಮೂರು ನಾಕು ಕಿಲೋಮೀಟರ್, ಅದೂ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ. ಮಸಿ ಸುಡಬೇಕಂತ ಎಂಜಿನ್ ಹೆಚ್ಚಿಗಿ ಡೀಸೆಲ್ ಬಿಡ್ತದ, ಅಷ್ಟ್ರಾಗ ನಾವು ಮನಿ ಮುಟ್ಟಿ ಆಫ್ ಮಾಡ್ತೀವಿ, ಉಳದ ಡೀಸೆಲ್ ಕೆಳಗ ಇಳದು ಎಂಜಿನ್ ಆಯಿಲ್‌ದಾಗ ಕೂಡ್ತದ. ಶೋರೂಮಿನವ ಸನ್‌ರೂಫ್ ಹತ್ತು ಸಲ ತೋರಿಸಿದ, ನೀವು ದಿನಾ ಎಷ್ಟು ದೂರ ಓಡಸ್ತೀರಿ ಅಂತ ಒಂದ ಸಲಾನೂ ಕೇಳ್ಲಿಲ್ಲ.

ಒಂದು ಶನಿವಾರ ರಾತ್ರಿ ಊರಿಂದ ಫೋನ್ ಬಂತು, ದೊಡ್ಡವ್ವ ಹೋದ್ಲು ಅಂತ. ಅವ್ವನ ಸ್ವಂತ ಅಕ್ಕ, ಅವ್ವನ್ನ ಎತ್ತಿ ಆಡಿಸಿದಾಕಿ. ನಮ್ಮಲ್ಲಿ ಭಾಳ ಹೊತ್ತು ಇಡೂದಿಲ್ಲ ನಿನಗ ಗೊತ್ತs ಅದ, ಮಧ್ಯಾಹ್ನದೊಳಗ ಮಣ್ಣು ಅಂದ್ರು. ನವಲಗುಂದ ಅಂದ್ರ ಇಲ್ಲಿಂದ 450 ಕಿಲೋಮೀಟರಿಗಿಂತ ಜಾಸ್ತಿ, ನಸುಕಿನ್ಯಾಗ ಎಲ್ಲಾರೂ ಹೊರಟ್ವಿ. ಖಂಬಾಟ್ಕಿ ಘಾಟ್ ಹತ್ತೂ ಮುಂದ ಡ್ಯಾಶ್‌ಬೋರ್ಡಿನ್ಯಾಗ ಡಿಪಿಎಫ್‌ದ ಕೇಸರಿ ಲೈಟ್ ಹತ್ತಿತು, ಮಸಿ ಅಷ್ಟು ತುಂಬಿತ್ತು, ಹೈವೇದಾಗೂ ಸುಡಲಿಲ್ಲ, ಸಾತಾರಾ ದಾಟಿದ ಮ್ಯಾಲೆ ಗಾಡಿ ಜೀವಾನ ಬಿಡ್ತು, ಎಷ್ಟು ತುಳದ್ರೂ ನಲವತ್ತರ ಮ್ಯಾಲೆ ಏರವಲ್ದು. ಲಾರಿಗೋಳು ಹಾರ್ನ್ ಹೊಡ್ಕೋತ ಬಾಜೂಕಿಂದ ದಾಟಿ ಹೊಂಟಿದ್ವು. ಹಂಗ ತೆವಳಿಕೋತ ಕರಾಡ ಮುಟ್ಟಿದ್ವಿ. ಹೈವೇ ಬಾಜೂಕ ಒಬ್ಬ ವಯಸ್ಸಾದ ಮೆಕ್ಯಾನಿಕ್, ಬಾನೆಟ್ ಎತ್ತಿ ಡಿಪ್‌ಸ್ಟಿಕ್ ಎಳದು ಬಟ್ಟಿಗೆ ಒರಸಿ ಮತ್ತ ಹಾಕಿ ಎಳದ, ಆಯಿಲ್ ಮ್ಯಾಲಿನ ಗೀಟು ದಾಟಿ ನಿಂತಿತ್ತು, ನನ್ನ ಮೂಗಿಗೆ ಹಿಡದ, ಬರೇ ಡೀಸೆಲ್ ವಾಸನಿ. ಇದು ನನ್ನ ಕೈಯಾಗಿಲ್ಲ ಸಾಹೇಬ್ರ, ಕಂಪ್ಯೂಟರ್ ಹಚ್ಚಿ ಕ್ಲೀನ್ ಮಾಡಬೇಕು, ಹಿಂಗ ಓಡಿಸಿದ್ರ ಎಂಜಿನ್ ಹೋಗ್ತದ ಅಂದ. ಆ ದಿನ ಐತವಾರ, ಸರ್ವಿಸ್ ಸೆಂಟರ್ ಬಂದ್. ಟ್ಯಾಕ್ಸಿ ಹುಡುಕಿ ನಾವು ಊರು ಮುಟ್ಟೂದ್ರಾಗ ದೀಪ ಹಚ್ಚೂ ಹೊತ್ತಾಗಿತ್ತು, ಮಣ್ಣು ಮುಗದು ಮಂದಿ ಮನಿಗೆ ಹೋಗಿದ್ರು. ಅಕ್ಕನ ಮಾರಿ ನೋಡ್ಲಿಲ್ಲ ಅಂತ ಅವ್ವ ಇವತ್ತಿಗೂ ಅಂತಾಳ, ಅದಕ್ಕ ನನ್ನ ಕಡೆ ಉತ್ತರ ಇಲ್ಲ.

ಅದಕ್ಕ ಹೇಳ್ತೀನಿ, ಮನಿ ಮಂದಿ ಅಷ್ಟು ದೂರ ಇರೂ ನಮ್ಮಂಥಾವ್ರಿಗೆ ಗಾಡಿ ಬಾಳಿಕಿ ಅಂದ್ರ ಹತ್ತು ವರ್ಷ ಆದ ಮ್ಯಾಲೂ ರಾತ್ರಿ ಎರಡಕ್ಕ ಚಾವಿ ತಿರುವಿದ್ರ ನೇರ ಊರು ಮುಟ್ಟಸಬೇಕು, ನಡುವ ನಿಂತ್ರ ಕರಾಡದಾಗೋ ನಿಪ್ಪಾಣಿಯಾಗೋ ರಿಪೇರಿ ಆಗಬೇಕು. ರಿವ್ಯೂ ಮಾಡಾವ್ರು ಹೊಸಾ ಗಾಡಿ ನಾಕು ದಿನ ಓಡಿಸಿ ಹೇಳ್ತಾರ, ಅದರಿಂದ ಇದು ತಿಳಿಯೂದಿಲ್ಲ. ಐದಾರು ವರ್ಷ ಹಳೇದಾದ ಅದೇ ಮಾಡೆಲ್ ಇಟ್ಟವ್ರನ್ನ ಹುಡುಕಿ ಕೇಳು, ಯಾವ ಪಾರ್ಟ್ ಹೋತು, ಬರ್ಲಿಕ್ಕೆ ಎಷ್ಟು ದಿನ ಹತ್ತಿತು ಅಂತ. ದೊಡ್ಡ ಸ್ಕ್ರೀನು, ಎಲೆಕ್ಟ್ರಿಕ್ ಡಿಕ್ಕಿ, ಕ್ಯಾಮೆರಾ ಎಷ್ಟು ಹೆಚ್ಚೋ ವಾರಂಟಿ ಮುಗದ ಮ್ಯಾಲೆ ಕೆಡೂವು ಅಷ್ಟು ಹೆಚ್ಚು. ವಾಕಡದ ಪಾರ್ಕಿಂಗ್‌ದಾಗ ಮಳಿಗಾಲದಾಗ ಇಲಿ ವೈರಿಂಗ್ ಕಡೀತಾವ, ಅದನ್ನೂ ನೋಡ್ಕೋ.

ನಿನ್ನ ಆಫೀಸಿನ ದಾರಿ ವಾಕಡದಿಂದ ಹಿಂಜವಡಿ, ಭೂಮಕರ್ ಚೌಕದಾಗ ದಿನಾ ನಿಲ್ಲೂ ಟ್ರಾಫಿಕ್ಕು. ಹಿಂಗಿದ್ರ ಡೀಸೆಲ್ ಬ್ಯಾಡ, ಇನ್ನೋವಾ ಕ್ರಿಸ್ಟಾ ಇರ್ಲಿ, ಸಫಾರಿ ಇರ್ಲಿ. ವಾರಕ್ಕೊಮ್ಮೆ ಹೈವೇ ಓಡಸಾವ್ರಿಗೆ ಮಾತ್ರ ಡೀಸೆಲ್. ರೊಕ್ಕ ಕೂಡಿದ್ರ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ತಗೋ, ರೊಕ್ಕ ಭಾಳ ಹೋಗ್ತದ, ಈಗಿನ ಆನ್ ರೋಡ್ ರೇಟ್ ಶೋರೂಮಿನ್ಯಾಗ ಕೇಳ್ಕೋ, ಎಸ್‌ಯುವಿ ಅಲ್ಲ ಅಂತ ಗೆಳ್ಯಾರು ಅಂತಾರ, ಅನ್ಲಿ. 2 ಲೀಟರ್ ಪೆಟ್ರೋಲ್ ಎಂಜಿನ್, ಟರ್ಬೋ ಇಲ್ಲ, ಕ್ಲಚ್ ಇಲ್ಲ, ಡೀಸೆಲ್ಲಿನ ಡಿಪಿಎಫ್ ಕಾಟ ಇಲ್ಲ, ಟ್ರಾಫಿಕ್‌ದಾಗ ಅರ್ಧಾ ಹೊತ್ತು ಬ್ಯಾಟರಿ ಮ್ಯಾಲೇ ನಡೀತದ, ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಇಲ್ಲಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಅದ. ಅಷ್ಟು ಆಗೂದಿಲ್ಲ ಅಂದ್ರ ಎರ್ಟಿಗಾ ಪೆಟ್ರೋಲ್, ಇಲ್ಲಿಂದ ಹುಬ್ಬಳ್ಳಿ ತನಕ ಅದನ್ನ ಬಿಚ್ಚಿ ಜೋಡಸಾವ್ರು ಊರೂರಿಗೆ ಸಿಗ್ತಾರ. ಸಿಎನ್‌ಜಿ ಆಸೆಗೆ ಬೀಳಬ್ಯಾಡ, ಸಿಲಿಂಡರ್ ಡಿಕ್ಕಿಯೊಳಗ ಕೂತ್ರ ಊರಿಂದ ತರೂ ಜ್ವಾಳದ ಚೀಲ ಎಲ್ಲಿ ಇಡ್ತೀ. ಹಳೇ ಇನ್ನೋವಾ ನೋಡೂದಿದ್ರ ಆರ್‌ಸಿ ಹಿಸ್ಟರಿ ತಗಸು, ಹಳದಿ ಬೋರ್ಡ್ ಟ್ಯಾಕ್ಸಿ ಬಿಳಿ ಮಾಡಿ ಮಾರಾವ್ರು ಭಾಳ ಅದಾರ.

ಇನ್ನೊಂದು, ಟೆಸ್ಟ್ ಡ್ರೈವಿಗೆ ಅಪ್ಪ ಅವ್ವನ್ನ ಕರಕೊಂಡ ಹೋಗು. ಮೂರನೇ ಸಾಲಿಗೆ ಹತ್ತಿ ಇಳದು ನೋಡ್ಲಿ, ಮೊಣಕಾಲ ನೋವಿದ್ದವ್ರಿಗೆ ಎಸ್‌ಯುವಿ ಹಿಂದಿನ ಸೀಟು ಶಿಕ್ಷಾ. ಹೋಗೂದು ಮಟಮಟ ಮಧ್ಯಾಹ್ನ, ಹಿಂದ ನೀನೂ ಕೂಡು, ಎಸಿ ಗಾಳಿ ಅಲ್ಲಿ ತನಕ ಬರ್ತದೋ ಇಲ್ಲೋ ಆಗ ತಿಳೀತದ.

ನಂಬರ್ ಪ್ಲೇಟ್ ವಿಷಯ, ಇಲ್ಲೇ ತಗೋ. ಕರ್ನಾಟಕದಾಗ 20 ಲಕ್ಷದ ಮ್ಯಾಲಿನ ಗಾಡಿಗೆ ರೋಡ್ ಟ್ಯಾಕ್ಸ್ ಶೇಕಡಾ 18, ಇಲ್ಲಿ ಪೆಟ್ರೋಲಿಗೆ 13. ಕೆಎ ಗಾಡಿ ತಂದ್ರ 12 ತಿಂಗಳ ಮ್ಯಾಲೆ ಇಲ್ಲಿ ಮತ್ತ ರಿಜಿಸ್ಟರ್ ಮಾಡಸಬೇಕು, ಎನ್‌ಒಸಿ, ಟ್ಯಾಕ್ಸ್ ವಾಪಸ್ ಅಂತ ಹುಬ್ಬಳ್ಳಿ ಆರ್‌ಟಿಓಕ್ಕ ಅಡ್ಡಾಡಬೇಕು. ನಿಮ್ಮ ಕಂಪನಿ ಆಫೀಸು ನಾಕು ಇಲ್ಲಾ ಹೆಚ್ಚು ರಾಜ್ಯದಾಗ ಇದ್ರ ಬಿಎಚ್ ನಂಬರ್ ಸಿಗ್ತದ, ಅಂದ್ರ ರಾಜ್ಯ ಬದಲಿ ಮಾಡಿದ್ರೂ ನಂಬರ್ ಬದಲಿ ಮಾಡೂದು ಬ್ಯಾಡ, ಎರಡೆರಡು ವರ್ಷದ ಟ್ಯಾಕ್ಸ್ ಕಟ್ಕೋತ ಹೋಗಬೌದು, ನಾಳೆ ಊರಿಗೆ ವಾಪಸ್ ಹೋಗೂ ವಿಚಾರ ಇದ್ರ ಅದ ಛಲೋ. ಬಿಎಚ್ ನಂಬರಿಗೆ ಬೇಕಾಗೂ ಫಾರ್ಮ್ 60, ಅಂದ್ರ ಕಂಪನಿ ಕೊಡೂ ಸರ್ಟಿಫಿಕೇಟ್, ಎಚ್‌ಆರ್ ಕಡೆ ಸಿಗ್ತದೋ ಇಲ್ಲೋ ಬುಕಿಂಗ್ ಮಾಡೂ ಮೊದ್ಲ ಕೇಳ್ಕೋ, ಆಮ್ಯಾಲೆ ಶೋರೂಮಿಗೆ ಹೋಗೂ ದಿನ ನಂಗೂ ಹೇಳು, ಬರ್ತೀನಿ.