ವಾಹನ ಪ್ರಶ್ನೋತ್ತರ: ವೋಲ್ಟ್ ಮೀಟರ್ ಮುಳ್ಳು ಇಳಿದರೆ ಆಲ್ಟರ್ನೇಟರ್ ಕೆಟ್ಟಂತೆಯೇ?

ಪ್ರಶ್ನೆ: ನನ್ನದು 1998ರ ಡೀಸೆಲ್ ಜೀಪು. ವೋಲ್ಟ್ ಮೀಟರ್ ಮುಳ್ಳು ಹಗಲಲ್ಲಿ 13ರ ಹತ್ತಿರ ಇರುತ್ತದೆ. ಮಳೆಗಾಲದ ರಾತ್ರಿ ಹೆಡ್‌ಲೈಟ್, ವೈಪರ್, ಬ್ಲೋವರ್ ಹಾಕಿದರೆ 12ಕ್ಕಿಂತ ಕೆಳಗೆ ಹೋಗುತ್ತದೆ. ಬೆಳಿಗ್ಗೆ ಸೆಲ್ಫ್ ಮಾತ್ರ ಚೆನ್ನಾಗಿಯೇ ಹೊಡೆಯುತ್ತದೆ. ಮೆಕ್ಯಾನಿಕ್ ಆಲ್ಟರ್ನೇಟರ್ ಬದಲಿಸಿ ಎನ್ನುತ್ತಾರೆ. ಬದಲಿಸಲೇ?
– ಓದುಗರು, ವಾಸ್ಕೋ

ಉತ್ತರ: ಈಗಲೇ ಬೇಡ. ಸೆಲ್ಫ್ ಚೆನ್ನಾಗಿ ಹೊಡೆಯುತ್ತಿದೆ ಎಂದರೆ ಆಲ್ಟರ್ನೇಟರಿನಿಂದ (ಎಂಜಿನ್ ಓಡುವಾಗ ಕರೆಂಟ್ ತಯಾರಿಸುವ ಯಂತ್ರ) ಬ್ಯಾಟರಿಗೆ ಚಾರ್ಜ್ ಹೋಗುತ್ತಿದೆ. ಡ್ಯಾಶ್‌ಬೋರ್ಡಿನ ಮುಳ್ಳು ತೋರಿಸುವುದು ಬ್ಯಾಟರಿಯ ವೋಲ್ಟೇಜನ್ನಲ್ಲ, ತನ್ನವರೆಗೆ ಬಂದು ಮುಟ್ಟಿದ ವೋಲ್ಟೇಜನ್ನು. ನಡುವೆ ಇಗ್ನಿಷನ್ ಸ್ವಿಚ್, ಫ್ಯೂಸ್ ಬಾಕ್ಸ್, ವೈರುಗಳನ್ನು ಜೋಡಿಸುವ ನಾಲ್ಕಾರು ಕಪ್ಲರ್‌ಗಳಿವೆ. ಇಪ್ಪತ್ತು ವರ್ಷ ದಾಟಿದ ಗಾಡಿಯಲ್ಲಿ ಇವುಗಳ ಒಳಗಿನ ಕಾಂಟ್ಯಾಕ್ಟ್ ಸವೆದಿರುತ್ತದೆ. 60 ವಾಟ್‌ನ ಎರಡು ಹೈಬೀಮ್ ಬಲ್ಬ್‌ಗಳು ಸುಮಾರು 10 ಆಂಪಿಯರ್ ಎಳೆಯುತ್ತವೆ. ದಾರಿಯಲ್ಲಿ 0.1 ಓಮ್ ತಡೆ ಇದ್ದರೂ ಸಾಕು, ಒಂದು ವೋಲ್ಟ್ ಅಲ್ಲೇ ಕರಗುತ್ತದೆ.

ಒಂದು ಡಿಜಿಟಲ್ ಮಲ್ಟಿಮೀಟರ್ ತೆಗೆದುಕೊಂಡು ಡಿಸಿ 20 ವೋಲ್ಟ್‌ಗೆ ಇಡಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ತೋರಿಸಿದರೆ ಪೂರ್ತಿ ಚಾರ್ಜ್, 12.2 ಎಂದರೆ ಅರ್ಧ, 12ಕ್ಕಿಂತ ಕಡಿಮೆ ಇದ್ದರೆ ಬಹುಪಾಲು ಖಾಲಿ. ಈಗ ಎಂಜಿನ್ ಸ್ಟಾರ್ಟ್ ಮಾಡಿ, ಐಡಲ್‌ನಲ್ಲಿ ಬಿಡದೆ 1,500ರಿಂದ 2,000 ಆರ್‌ಪಿಎಂನಲ್ಲಿ ಹಿಡಿಯಿರಿ. ಮೀಟರಿನ ಕಡ್ಡಿಯನ್ನು ಟರ್ಮಿನಲ್ ಕ್ಲ್ಯಾಂಪಿನ ಮೇಲಲ್ಲ, ಬ್ಯಾಟರಿಯ ಸೀಸದ ಕಂಬಕ್ಕೇ ಒತ್ತಬೇಕು. 13.8ರಿಂದ 14.4 ಬರಬೇಕು. ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲ ಹಾಕಿದ ಮೇಲೂ 13.2ಕ್ಕಿಂತ ಇಳಿಯದಿದ್ದರೆ ಆಲ್ಟರ್ನೇಟರ್ ಆರೋಗ್ಯವಾಗಿದೆ. ಮುಳ್ಳು ಏನೇ ಹೇಳಲಿ.

ಅಲ್ಲೂ ಇಳಿದರೆ ಮೊದಲು ಬೆಲ್ಟ್ ನೋಡಿ. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಬಲವಾಗಿ ಒತ್ತಿದಾಗ ಸುಮಾರು 10 ಮಿ.ಮೀ. ಬಗ್ಗಬೇಕು, ಒಳಮೈ ಗಾಜಿನಂತೆ ಹೊಳೆಯುತ್ತಿರಬಾರದು. ಆಮೇಲೆ ಎಲ್ಲ ಲೋಡ್ ಹಾಕಿಕೊಂಡೇ ಒಂದು ಕಡ್ಡಿ ಆಲ್ಟರ್ನೇಟರಿನ ದಪ್ಪ ವೈರಿನ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ ಇಡಿ. 0.3 ವೋಲ್ಟ್‌ಗಿಂತ ಹೆಚ್ಚಿದ್ದರೆ ಆ ಕೇಬಲ್ಲಿನಲ್ಲಿ ದೋಷವಿದೆ. ಹಾಗೆಯೇ ಆಲ್ಟರ್ನೇಟರಿನ ಮೈಗೂ ನೆಗೆಟಿವ್ ಕಂಬಕ್ಕೂ ನಡುವೆ 0.2 ದಾಟಿದರೆ ಅರ್ತ್ (ಗಾಡಿಯ ಲೋಹದ ಮೈಯ ಮೂಲಕ ಕರೆಂಟ್ ಬ್ಯಾಟರಿಗೆ ಮರಳುವ ದಾರಿ) ಸರಿಯಿಲ್ಲ. ಗೋವಾದಂಥ ಉಪ್ಪುಗಾಳಿಯ ಊರಿನಲ್ಲಿ ನನ್ನ ಮೊದಲ ಅನುಮಾನ ಇದರ ಮೇಲೆಯೇ. ಎಂಜಿನ್ನಿಗೂ ಚಾಸಿಗೂ ನಡುವಿನ ಹೆಣೆದ ತಾಮ್ರದ ಪಟ್ಟಿ ಹೊರಗೆ ಚೆನ್ನಾಗಿ ಕಂಡರೂ ತುದಿಯ ಲಗ್ಗಿನ (ಬೋಲ್ಟು ಹಾಕುವ ಬಳೆಯ) ಒಳಗೆ ಹಸಿರು ಪುಡಿ ಕಟ್ಟಿರುತ್ತದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟು ಪಟ್ಟಿ ತೆಗೆಯಿರಿ. ಅದು ಕೂರುವ ಜಾಗವನ್ನು ಎಮರಿ ಪೇಪರಿನಲ್ಲಿ ಬರಿಯ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಆಮೇಲೆ ಮೇಲಿನಿಂದ ವ್ಯಾಸಲಿನ್ ಹಚ್ಚಿ. ಎಳೆಗಳು ಪುಡಿಪುಡಿಯಾಗಿದ್ದರೆ ಪಟ್ಟಿಯನ್ನೇ ಬದಲಿಸಿ.

ಇಷ್ಟೆಲ್ಲ ಸರಿಯಿದ್ದೂ ಮುಳ್ಳು ಇಳಿಯುತ್ತಿದ್ದರೆ ಹೆಡ್‌ಲೈಟಿನ ಹೊರೆಯನ್ನು ಹಳೆಯ ಸ್ವಿಚ್ಚಿನಿಂದ ಇಳಿಸುವುದೇ ಮದ್ದು. ಹೈ, ಲೋ ಎರಡಕ್ಕೂ ಒಂದೊಂದು 30 ಆಂಪಿಯರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು), ಬ್ಯಾಟರಿಯಿಂದ ನೇರವಾಗಿ 2.5 ಚದರ ಮಿ.ಮೀ. ವೈರು, ಬ್ಯಾಟರಿಯ ಪಕ್ಕದಲ್ಲೇ 20 ಆಂಪಿಯರ್ ಫ್ಯೂಸ್ ಹಾಕಿಸಿ. ಬೆಳಕೂ ಹೆಚ್ಚುತ್ತದೆ.

ಪ್ರಶ್ನೆ: ಹಳೆಯ ಕಾರು. ಇಂಡಿಕೇಟರ್ ಹಾಕಿದಾಗಲೆಲ್ಲ ವೋಲ್ಟ್ ಮುಳ್ಳು ಅದರ ತಾಳಕ್ಕೇ ಕುಣಿಯುತ್ತದೆ. ಅಪಾಯವೇ?
– ಓದುಗರು, ಠಾಣೆ

ಉತ್ತರ: ಅಪಾಯವಿಲ್ಲ, ಆದರೆ ಹಾಗೇ ಬಿಡಬೇಡಿ. ಪೆಟ್ರೋಲ್ ಮತ್ತು ಟೆಂಪರೇಚರ್ ಮುಳ್ಳುಗಳೂ ಜೊತೆಗೆ ಅಲುಗಿದರೆ ಮೀಟರ್ ಬೋರ್ಡಿನ ಅರ್ತ್ ಸಡಿಲವಾಗಿದೆ. ಬ್ಯಾಟರಿ ನೆಗೆಟಿವ್‌ನಿಂದ ಒಂದು ತಾತ್ಕಾಲಿಕ ವೈರ್ ಎಳೆದು ಬೋರ್ಡಿನ ಅರ್ತ್‌ಗೆ ಮುಟ್ಟಿಸಿ. ಕುಣಿತ ನಿಂತರೆ ಅದನ್ನೇ ಕಾಯಂ ಮಾಡಿ. ವೋಲ್ಟ್ ಮುಳ್ಳು ಒಂದೇ ಅಲುಗಿದರೆ ಫ್ಯೂಸ್ ಬಾಕ್ಸಿನ ಕ್ಲಿಪ್ ಉಜ್ಜಿ, ಫ್ಯೂಸ್ ಹೊಸದು ಹಾಕಿ. ಫ್ಯೂಸನ್ನು ಸುಮ್ಮನೆ ತಿರುಗಿಸಿ ಕೂರಿಸಿದರೆ ಕೆಲವು ದಿನ ಸರಿಹೋಗುತ್ತದೆ, ಅಷ್ಟೆ.

ಪ್ರಶ್ನೆ: ಡಿಸೆಂಬರಿನ ಬೆಳಿಗ್ಗೆ ಮುಳ್ಳು 14.5, ಅರ್ಧ ಗಂಟೆ ಓಡಿದ ಮೇಲೆ 13.7. ರೆಗ್ಯುಲೇಟರ್ ಕೆಟ್ಟಿದೆಯೇ? ಗ್ಯಾರೇಜಿನಲ್ಲಿ ಎಂಜಿನ್ ಓಡುವಾಗ ಬ್ಯಾಟರಿ ವೈರ್ ತೆಗೆದು ಪರೀಕ್ಷಿಸೋಣ ಎಂದರು.
– ಓದುಗರು, ಚಿಂಚವಡ, ಪುಣೆ

ಉತ್ತರ: ಕೆಟ್ಟಿಲ್ಲ. ತಣ್ಣಗಿರುವಾಗ ಹೆಚ್ಚು, ಬಿಸಿಯಾದ ಮೇಲೆ ಕಡಿಮೆ ವೋಲ್ಟೇಜ್ ಕೊಡುವಂತೆಯೇ ರೆಗ್ಯುಲೇಟರ್ (ಆಲ್ಟರ್ನೇಟರಿನ ವೋಲ್ಟೇಜನ್ನು ಹಿಡಿತದಲ್ಲಿಡುವ ಭಾಗ) ಮಾಡಿರುತ್ತಾರೆ. ಬ್ಯಾಟರಿ ಕಂಬದಲ್ಲಿ ಅಳೆದಾಗಲೂ 15 ದಾಟಿ ನಿಂತರೆ, ಎಲ್ಲ ಸೆಲ್‌ಗಳಲ್ಲಿ ನೀರು ಬೇಗ ಇಳಿದು ಕೊಳೆತ ಮೊಟ್ಟೆಯ ವಾಸನೆ ಬಂದರೆ ಮಾತ್ರ ಗಾಡಿ ನಿಲ್ಲಿಸಿ ರೆಗ್ಯುಲೇಟರ್ ಬದಲಿಸಿ.

ವೈರ್ ತೆಗೆಯಲು ದಯವಿಟ್ಟು ಬಿಡಬೇಡಿ. ಅದು ಆಲ್ಟರ್ನೇಟರ್ ಬರುವ ಮುಂಚಿನ ಡೈನಮೋ ಕಾಲದ ಪದ್ಧತಿ. ಆಲ್ಟರ್ನೇಟರಿನಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ನೆಗೆದು ಅದರೊಳಗೆ ಎಸಿಯನ್ನು ಡಿಸಿ ಮಾಡುವ ಡಯೋಡ್, ರೆಗ್ಯುಲೇಟರ್ ಎರಡೂ ಸುಡಬಹುದು. ಡಯೋಡ್ ನೋಡಬೇಕಿದ್ದರೆ ಎಂಜಿನ್ ಓಡುವಾಗ ಮಲ್ಟಿಮೀಟರನ್ನು ಎಸಿಗೆ ಹಾಕಿ ಬ್ಯಾಟರಿ ಕಂಬಗಳಿಗೆ ಹಿಡಿಯಿರಿ. 0.5 ವೋಲ್ಟ್ ದಾಟಿದರೆ ಡಯೋಡ್ ಹೋಗಿದೆ. ಅಗ್ಗದ ಕೆಲವು ಮೀಟರ್‌ಗಳು ಎಸಿಯಲ್ಲೂ ಡಿಸಿಯನ್ನೇ ಓದಿ 28ರಂಥ ಅಂಕಿ ತೋರಿಸುತ್ತವೆ. ಎಂಜಿನ್ ನಿಂತಾಗಲೂ ಅಂಥದೇ ಅಂಕಿ ಬಂದರೆ ಬೇರೆ ಮೀಟರ್ ತನ್ನಿ.