400 ಫೋಟೊಗಳಲ್ಲಿ 15 ಆರಿಸಿ ಕಥೆ ಮಾಡೋದು ಹೇಗೆ?

ಊರಿನ ಆಲೆಮನೆಯಲ್ಲಿ 400 ಫೋಟೊ ತೆಗೆದಿದ್ದೀರಿ, ಪ್ರದರ್ಶನಕ್ಕೆ 15 ಸಾಕು, ಯಾವುದನ್ನು ಬಿಡಲಿ, ಹೇಗೆ ಜೋಡಿಸಲಿ ಅಂತ ಕೇಳಿದ್ದೀರಿ. ಮೊದಲು ಒಂದು ಅರವತ್ತಕ್ಕೆ ಇಳಿಸಿ, ಸಣ್ಣ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ. ಫೋನಿನಲ್ಲಿ ಪ್ರತಿ ಫೋಟೊ ಒಂಟಿಯಾಗಿ ಕಾಣುತ್ತೆ. ನಿಮಗೆ ಗೊತ್ತಾಗಬೇಕಿರೋದು ಯಾವುದರ ಪಕ್ಕ ಯಾವುದು ಕೂರುತ್ತೆ ಅನ್ನೋದು.

ಛಾಯಾಗ್ರಾಹಕ ರಾಬರ್ಟ್ ಫ್ರಾಂಕ್ 1955–56ರಲ್ಲಿ ಅಮೆರಿಕ ಸುತ್ತಿ 27,000ಕ್ಕೂ ಹೆಚ್ಚು ಫೋಟೊ ತೆಗೆದರು. 'ದಿ ಅಮೆರಿಕನ್ಸ್' ಪುಸ್ತಕಕ್ಕೆ ಉಳಿದಿದ್ದು 83. ಅದರಲ್ಲೊಂದು, ಕ್ಯಾಲಿಫೋರ್ನಿಯಾದಲ್ಲಿ ಎರಡು ಮರಗಳ ನಡುವೆ ಬಟ್ಟೆ ಹೊದಿಸಿ ನಿಲ್ಲಿಸಿದ ಕಾರು. ಪುಟ ತಿರುವಿದರೆ ಅರಿಜೋನಾದ ಹೆದ್ದಾರಿ ಬದಿ, ಅಪಘಾತದಲ್ಲಿ ಸತ್ತವರ ಮೇಲೆ ಕಂಬಳಿ. ಹಿಂದಿನ ಪುಟದಲ್ಲಿ ಬರೀ ಕಾರಿನ ಹೊದಿಕೆಯಾಗಿದ್ದದ್ದು ಈಗ ಬೇರೆಯೇ ಆಗಿಬಿಡುತ್ತೆ. ಅದರ ಮುಂದಿನದು ನ್ಯೂ ಮೆಕ್ಸಿಕೋದಲ್ಲಿ ದಿಗಂತದ ತನಕ ಚಾಚಿದ ರಸ್ತೆ. ಆ ರಸ್ತೆ ಮೊದಲೇ ಬಂದಿದ್ದರೆ ಚೆಂದದ ರಸ್ತೆ ಅಂದುಕೊಂಡು ಮುಂದೆ ಹೋಗುತ್ತಿದ್ದೆವು. ಕಂಬಳಿ ನೋಡಿದ ಮೇಲೆ ಹಾಗೆ ಹೋಗಲಿಕ್ಕಾಗಲ್ಲ.

ನಮ್ಮಜ್ಜಿಯ ತೊಟ್ಟಿಮನೆ ಕೆಡವುವ ಮುಂಚೆ ನಾನೂ ಫೋಟೊ ತೆಗೆದಿದ್ದೆ. ತೊಟ್ಟಿಗೆ ಬೆಳಗಿನ ಬಿಸಿಲು ಬಿದ್ದ ಫೋಟೊ ಎಲ್ಲರಿಗೂ ಇಷ್ಟ, ನನಗೂ. ಎಲ್ಲಿಟ್ಟರೂ ಅದೊಂದೇ ಕಣ್ಣಿಗೆ ಹೊಡೆಯುತ್ತಿತ್ತು, ಅಕ್ಕಪಕ್ಕದವು ಸತ್ತುಹೋಗುತ್ತಿದ್ದವು. ಎರಡು ವಾರ ಒದ್ದಾಡಿ ಕೊನೆಗೆ ತೆಗೆದೆ. ಆ ಜಾಗಕ್ಕೆ ಬಂದದ್ದು ಹೊಗೆ ಹಿಡಿದ ಗೋಡೆ. ತಾತನ ಪಟ ತೂಗುಹಾಕಿದ್ದ ಕಡೆ ಮಾತ್ರ ಚೌಕಾಕಾರದಲ್ಲಿ ಸುಣ್ಣ ಬೆಳ್ಳಗಿತ್ತು, ಮೇಲೊಂದು ಮೊಳೆ. ಮುಂದಿನ ಫೋಟೊದಲ್ಲಿ ಅಜ್ಜಿ ಸಾಮಾನಿನ ಟೆಂಪೋದಲ್ಲಿ ಕೂತು ಆ ಪಟವನ್ನ ತೊಡೆ ಮೇಲೆ ಬೋರಲು ಹಾಕಿಕೊಂಡಿದ್ದಾರೆ. ಬಿಡಿಯಾಗಿ ನೋಡಿದರೆ ಎರಡೂ ಸಾಧಾರಣ ಫೋಟೊಗಳೇ.

ಹಾಗಾಗಿ ಕಬ್ಬು, ಗಾಣ, ಕೊಪ್ಪರಿಗೆ, ಬೆಲ್ಲ ಅಂತ ಕೆಲಸದ ಕ್ರಮದಲ್ಲೇ ಜೋಡಿಸಬೇಡಿ, ಶಾಲೆಯ ಚಾರ್ಟ್ ಆಗಿಬಿಡುತ್ತೆ. ಒಲೆಗೆ ಉರಿ ಹಾಕುವವರ ಕೈ, ಹಬೆಯಲ್ಲಿ ಅರ್ಧ ಮರೆಯಾದ ಮುಖ, ಕೆಲಸ ಮುಗಿದ ಮೇಲೆ ಖಾಲಿ ಬಿದ್ದ ಅಚ್ಚುಮಣೆ, ಇಂಥವು ಇದ್ದೇ ಇರುತ್ತವೆ. ಅವನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಒಂದೇ ಮಾತು ಹೇಳುವ ಎರಡು ಫೋಟೊ ಇದ್ದರೆ ಒಂದನ್ನು ತೆಗೆಯಿರಿ.

ಆಮೇಲೆ ಆಲೆಮನೆಯನ್ನೇ ನೋಡದ ಒಬ್ಬರನ್ನು ಕರೆದು ಸುಮ್ಮನೆ ತೋರಿಸಿ, ಏನೂ ವಿವರಿಸಬೇಡಿ. ಎಲ್ಲಿ ನಿಂತು ನೋಡುತ್ತಾರೆ, ಎಲ್ಲಿ ಸರಸರ ದಾಟುತ್ತಾರೆ ಗಮನಿಸಿ. ಇಪ್ಪತ್ತಕ್ಕೆ ಬಂದು ನಿಂತುಬಿಟ್ಟರೆ ಆ ಇಪ್ಪತ್ತನ್ನೂ ಇಲ್ಲೇ ಹಾಕಿ, ಕೂತು ನೋಡೋಣ.