ಪಂಪ್ ಬಿಚ್ಚುವ ಮೊದಲು ಮುಂದಿನ ಚಕ್ರ ಎತ್ತಿ ನೋಡಿ

ಪವರ್ ಸ್ಟೀರಿಂಗಿನ ಪಂಪ್ (ಸ್ಟೀರಿಂಗ್ ಹಗುರಾಗಲೆಂದು ಆಯಿಲನ್ನು ಒತ್ತಡದಲ್ಲಿ ತಳ್ಳುವುದು) ಆರ್ಡರ್ ಮಾಡಿಬಿಟ್ಟಿದ್ದೇನೆ ಎಂದು ನೀವು ಈ ಚರ್ಚೆಯಲ್ಲಿ ಬರೆದದ್ದನ್ನು ಓದಿ ಸುಮ್ಮನಿರಲಾಗಲಿಲ್ಲ. ಸ್ಟೀರಿಂಗ್ ಬಿಗಿ, ಆಯಿಲ್ ಮಟ್ಟ ಸರಿಯಿದೆ, ಪಂಪ್ ಕೂಗುತ್ತಿಲ್ಲ, ಬೆಲ್ಟ್ ಹೊಸದು, ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬರುವುದಿಲ್ಲ. ಇಷ್ಟೂ ನೀವೇ ಹೇಳಿದ್ದು. ಇದರಲ್ಲಿ ಪಂಪಿನ ಕಡೆ ಬೆರಳು ಮಾಡುವ ಲಕ್ಷಣ ಒಂದಾದರೂ ಎಲ್ಲಿದೆ? ಪೆಟ್ಟಿಗೆ ಬಂದರೆ ಒಡೆಯಬೇಡಿ. ವಾಪಸು ಕಳಿಸುವ ದಾರಿ ಇರಲಿ.

ಕೊನೆಯ ಸಾಲಿನಲ್ಲಿ ಹಾಗೇ ಸುಮ್ಮನೆ ಸೇರಿಸಿದ್ದೀರಲ್ಲ, ತಾನಾಗಿ ನೇರಕ್ಕೆ ಬರುವುದಿಲ್ಲ ಎಂದು, ರೋಗ ಹೇಳುತ್ತಿರುವುದು ಅದೇ. ಪಂಪ್ ಸೋತಿದ್ದರೆ ನಿಂತಲ್ಲಿ ತಿರುಗಿಸುವಾಗ ಪ್ರಾಣ ಹೋಗುವಷ್ಟು ಭಾರ, ವೇಗ ಹೆಚ್ಚಿದಂತೆ ಹಗುರ, ಕೈ ಸಡಿಲಿಸಿದರೆ ಚಕ್ರ ತನ್ನಷ್ಟಕ್ಕೆ ನೇರವಾಗುತ್ತದೆ. ಬಿಟ್ಟಲ್ಲೇ ನಿಲ್ಲುತ್ತಿದೆ ಎಂದರೆ ಎಲ್ಲೋ ಏನೋ ಹಿಡಿದುಕೊಂಡಿದೆ ಎಂದರ್ಥ. ರ‍್ಯಾಕಿನ (ಸ್ಟೀರಿಂಗಿನ ತಿರುವನ್ನು ಚಕ್ರಗಳಿಗೆ ದಾಟಿಸುವ ಹಲ್ಲಿನ ದಂಡದ ಜೋಡಣೆ) ವಾಲ್ವ್ ಅಂಟಿಕೊಂಡರೂ, ಅಲೈನ್‌ಮೆಂಟ್ (ಚಕ್ರಗಳ ಕೋನದ ಹೊಂದಿಕೆ) ಕೆಟ್ಟರೂ ಹೀಗಾಗುವುದುಂಟು, ಇಲ್ಲವೆನ್ನುವುದಿಲ್ಲ. ಆದರೆ ಅವು ಆಮೇಲಿನ ಮಾತು.

ಇದೇ ತಪ್ಪನ್ನು ನಾನು ಒಂದಲ್ಲ, ಎರಡು ಸಲ ಮಾಡಿದ್ದೇನೆ. ಹದಿನೆಂಟು ವರ್ಷದ ಹಳೆಯ ಕಾರು, ನಿಮ್ಮದೇ ಲಕ್ಷಣ. ಪಂಪ್ ಬದಲಿಸಿದೆ. ಎರಡು ದಿನ ಹಗುರವಾಯಿತು ಎನಿಸಿತು. ದುಡ್ಡು ಕೊಟ್ಟ ಮೇಲೆ ಹಾಗೆ ಅನ್ನಿಸಲೇಬೇಕಲ್ಲ! ಮೂರನೆಯ ದಿನ ಮತ್ತೆ ಅದೇ ಹಾಡು. ಹೊಸ ಪಂಪೇ ಸರಿಯಿಲ್ಲ ಎಂದು ಬೈದುಕೊಂಡು ಇನ್ನೊಂದು ತಂದು ಕೂರಿಸಿದೆ. ಅದೂ ಆಗದೆ ರ‍್ಯಾಕ್ ಇಳಿಸಲೆಂದು ಕೆಳಗೆ ಮಲಗಿದಾಗ, ಕಾಲಂನಿಂದ (ಸ್ಟೀರಿಂಗಿನ ಕಂಬದಿಂದ) ರ‍್ಯಾಕಿಗೆ ಇಳಿಯುವ ಶಾಫ್ಟ್ ಕೈಗೆ ಬಂತು. ಅದರ ಕೆಳಗಿನ ಯೂನಿವರ್ಸಲ್ ಜಾಯಿಂಟ್ (ಓರೆಯಾಗಿಯೂ ತಿರುವು ದಾಟಿಸುವ ಕೀಲು) ಒಂದು ದಿಕ್ಕಿಗೆ ಸಲೀಸಾಗಿ ಬಾಗುತ್ತಿತ್ತು. ಇನ್ನೊಂದು ದಿಕ್ಕಿಗೆ ಮೊಣಕಾಲಿಗೆ ಕೊಟ್ಟು ಒತ್ತಿದರೂ ಅಲುಗಲಿಲ್ಲ. ಜಾಯಿಂಟಿನ ಬೇರಿಂಗ್ ಕೂರುವ ಬಟ್ಟಲಿನ ಅಂಚನ್ನು ಸ್ಕ್ರೂಡ್ರೈವರಿನಿಂದ ತಟ್ಟಿದೆ. ನಶ್ಯದಂಥ ಕಂದು ಪುಡಿ ಉದುರಿತು. ಒಳಗಿನ ಸೂಜಿ ಬೇರಿಂಗುಗಳು ತುಕ್ಕಾಗಿ ಉಳಿದದ್ದು ಅಷ್ಟೇ. ರಸ್ತೆಯ ನೀರು ಚಿಮ್ಮುವ, ಎಂಜಿನ್ನಿನ ಕಾವು ತಗಲುವ ಜಾಗ. ಗ್ರೀಸ್ ಎಷ್ಟು ವರ್ಷ ಉಳಿದೀತು?

ಒಂದು ಸುತ್ತಿನಲ್ಲಿ ಎರಡು ಕಡೆ ಬಿಗಿ, ನಡುವೆ ಎರಡು ಕಡೆ ಹಗುರ ಎಂದು ಕೈಗೆ ಗೊತ್ತಾದರೆ ಈ ಜಾಯಿಂಟನ್ನೇ ಮೊದಲು ಹಿಡಿಯಿರಿ. ನನಗೂ ಹಾಗೇ ಆಗುತ್ತಿತ್ತು, ಗಮನಿಸಿರಲಿಲ್ಲ.

ಈಗ ಕೆಲಸಕ್ಕೆ ಬನ್ನಿ. ಎರಡೂ ಮುಂದಿನ ಚಕ್ರಗಳನ್ನು ಎತ್ತಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಬರಿಯ ಜ್ಯಾಕ್ ನಂಬಿ ಕೆಳಗೆ ಹೋಗುವವರಿಗೆ ನಾನು ಉತ್ತರವನ್ನೇ ಬರೆಯುವುದಿಲ್ಲ. ಎಂಜಿನ್ ಆಫ್, ಸ್ಟೀರಿಂಗ್ ಲಾಕ್ ಬಿಡಿಸಿ, ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸಿ. ಆಯಿಲ್ ತಳ್ಳುವ ಅಲ್ಪ ತಡೆ ಎಲ್ಲ ಕಡೆ ಒಂದೇ ಸಮ ಇರಬೇಕು. ಇಲ್ಲೂ ಹಿಡಿದರೆ ಪಂಪ್ ನಿರಪರಾಧಿ. ಆಮೇಲೆ ಚಕ್ರಗಳನ್ನು ಸ್ಟೀರಿಂಗಿಗೆ ಜೋಡಿಸುವ ಟೈ ರಾಡ್ ಎಂಡ್‌ಗಳನ್ನು ಬಿಡಿಸಿ, ಒಂದೊಂದೇ ಚಕ್ರವನ್ನು ಕೈಯಲ್ಲಿ ತಿರುವಿ. ಕರಕರ ಎಂದರೆ ಅಥವಾ ಬಿಗಿದರೆ ಚಕ್ರ ತಿರುಗುವ ಕೀಲಾದ ಬಾಲ್ ಜಾಯಿಂಟ್, ಇಲ್ಲವೇ ಸ್ಟ್ರಟ್ಟಿನ (ಸ್ಪ್ರಿಂಗ್ ಕೂತ ಶಾಕ್ ಅಬ್ಸಾರ್ಬರ್) ಮೇಲಿನ ಬೇರಿಂಗ್ ಕೆಟ್ಟಿದೆ. ಸ್ಪ್ರಿಂಗಿನ ಮೇಲೆ ಅಂಗೈ ಇಟ್ಟು ಇನ್ನೊಬ್ಬರಿಂದ ತಿರುಗಿಸಿ ನೋಡಿ; ಮುರುಚಿಕೊಂಡು ಆಮೇಲೆ ಟಣ್ ಎಂದು ಹಾರಿದರೆ ಬೇರಿಂಗ್ ಹೋಗಿದೆ. ಚಕ್ರಗಳು ಸಲೀಸು, ಸ್ಟೀರಿಂಗ್ ಮಾತ್ರ ಬಿಗಿ ಎಂದಾದರೆ ಉಳಿದದ್ದು ಶಾಫ್ಟ್ ಅಥವಾ ರ‍್ಯಾಕ್.

ಶಾಫ್ಟ್ ಬಿಡಿಸುವ ಮೊದಲು ಜೋಡಣೆಯ ಮೇಲೆ ಪೇಂಟಿನಲ್ಲಿ ಗುರುತು ಹಾಕಿ, ಚಕ್ರ ನೇರವಿಟ್ಟು ಸ್ಟೀರಿಂಗನ್ನು ಸೀಟ್ ಬೆಲ್ಟಿನಿಂದ ಕಟ್ಟಿ. ಅದು ಒಂದೆರಡು ಸುತ್ತು ತಿರುಗಿ ಹೋದರೆ ಏರ್‌ಬ್ಯಾಗಿನ ಸುರುಳಿ ತಂತಿ ಹರಿಯುತ್ತದೆ. ಮತ್ತೆ ಜೋಡಿಸುವಾಗ ಹೊಸ ಬೋಲ್ಟ್ ಹಾಕಿ, ಕಾರಿನ ಮ್ಯಾನ್ಯುವಲ್ ಹೇಳಿದ ಟಾರ್ಕಿಗೆ (ಬಿಗಿಯುವ ಬಲಕ್ಕೆ) ಬಿಗಿಯಿರಿ. ಬ್ರೇಕ್, ಸ್ಟೀರಿಂಗ್ ಎರಡರಲ್ಲೂ ಅಂದಾಜು ಬೇಡ.

ಈ ಚರ್ಚೆಯಲ್ಲಿ ಮೇಲೆ ಒಬ್ಬರು ಜಾಯಿಂಟಿಗೆ ಡಬ್ಲ್ಯೂಡಿ-40 (ತುಕ್ಕು ಬಿಡಿಸುವ ಸ್ಪ್ರೇ) ಹೊಡೆಯಿರಿ, ಸಾಕು ಎಂದಿದ್ದಾರೆ. ಹೊಡೆಯಿರಿ, ಆದರೆ ಪತ್ತೆಗೆ ಮಾತ್ರ. ಹೊಡೆದು ಹತ್ತಿಪ್ಪತ್ತು ಸಲ ತಿರುಗಿಸಿದ ಮೇಲೆ ಹಗುರವಾದರೆ ಕಳ್ಳ ಸಿಕ್ಕ. ಅದು ಗ್ರೀಸ್ ಅಲ್ಲ, ಅಳಿದುಳಿದ ಗ್ರೀಸನ್ನೂ ತೊಳೆದು ಬಿಡುತ್ತದೆ. ಜಾಯಿಂಟ್ ಬದಲಿಸಲೇಬೇಕು. ಹಲವು ಕಾರುಗಳಲ್ಲಿ ಶಾಫ್ಟ್ ಸಮೇತವೇ ಕೊಳ್ಳಬೇಕಾಗುತ್ತದೆ. ಇದೊಂದರಲ್ಲಿ ಒರಿಜಿನಲ್ ಭಾಗವನ್ನೇ ತನ್ನಿ. ಹೆಸರಿಲ್ಲದ ಪೊಟ್ಟಣದಲ್ಲಿ ಬಂದದ್ದನ್ನು ನಾನು ಮುಟ್ಟುವುದಿಲ್ಲ.

ಆಯಿಲ್ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಇಲ್ಲಿ ಅರ್ಧ ಜನ ಕೈಗೆ ಸಿಕ್ಕಿದ್ದನ್ನು ಸುರಿಯುತ್ತಾರೆ. ಡೆಕ್ಸ್‌ರಾನ್ ಎಂಬ ಆಯಿಲ್ ಕೇಳುವ ಕಾರಿಗೆ ಅದು, ಪೆಂಟೋಸಿನ್ ಸಿಎಚ್ಎಫ್ 11ಎಸ್ ಎಂದು ಮುಚ್ಚಳದ ಮೇಲೆ ಬರೆದಿದ್ದರೆ ಅದೇ, ಹೋಂಡಾಗೆ ಹೋಂಡಾದ್ದೇ. ಸೋರಿಕೆ ನಿಲ್ಲಿಸುವ ದ್ರಾವಣ ಸೀಲನ್ನು ಉಬ್ಬಿಸಿ ಕೆಲವು ತಿಂಗಳು ದೂಡುತ್ತದೆ, ಅಷ್ಟೇ.

ಪಂಪ್ ಕೂಗುತ್ತದೆ, ಆಯಿಲಿನಲ್ಲಿ ನೊರೆ ಬರುತ್ತದೆ ಎಂದು ಕೆಳಗೆ ಬರೆದವರೇ, ನಿಮ್ಮ ಕಥೆ ಬೇರೆ. ಆಯಿಲ್ ಡಬ್ಬಿಯಿಂದ ಪಂಪಿಗೆ ಹೋಗುವ ಹೋಸಿನ ಕ್ಲಿಪ್ ಮತ್ತು ಓ-ರಿಂಗ್ (ರಬ್ಬರ್ ಬಳೆ) ನೋಡಿ. ಅಲ್ಲಿ ಹೀರುವ ಕೆಲಸ ನಡೆಯುವುದರಿಂದ ಹೊರಗೆ ಹನಿ ಕಾಣದೆಯೇ ಒಳಗೆ ಗಾಳಿ ಸೇರುತ್ತದೆ. ಡಬ್ಬಿಯ ತಳದಲ್ಲಿ ಜಾಲರಿ ಇದ್ದರೆ ಕೊಳೆ ಕಟ್ಟಿ ಪಂಪ್ ಉಪವಾಸ ಬಿದ್ದಿರಬಹುದು. ಗಾಳಿ ತೆಗೆಯುವಾಗ ಎಂಜಿನ್ ಚಾಲೂ ಮಾಡಬೇಡಿ: ಚಕ್ರ ಎತ್ತಿ, ಇಪ್ಪತ್ತು ಸಲ ತುದಿಯಿಂದ ತುದಿಗೆ ತಿರುಗಿಸಿ, ಮಟ್ಟ ತುಂಬಿಸುತ್ತಾ ಹೋಗಿ. ಎಂಜಿನ್ ಆಮೇಲೆ. ತುದಿಗೆ ತಿರುಗಿಸಿ ಹಾಗೇ ಅದುಮಿ ಹಿಡಿಯುವ ಚಟವಿದ್ದರೆ ಬಿಡಿ, ಆಯಿಲ್ ಕಾಯ್ದು ಪಂಪ್ ಬೇಗ ಸಾಯುತ್ತದೆ. ಒತ್ತಡದ ಹೋಸಿನ ಸೋರಿಕೆಯನ್ನು ಬೆರಳಿನಿಂದ ಹುಡುಕಬೇಡಿ, ರಟ್ಟು ಹಿಡಿಯಿರಿ. ಆ ಚಿಮ್ಮು ಚರ್ಮದೊಳಗೇ ತೂರುತ್ತದೆ.

ಆಯಿಲ್ ಡಬ್ಬಿಯೇ ಇಲ್ಲದ ಎಲೆಕ್ಟ್ರಿಕ್ ಸ್ಟೀರಿಂಗ್‌ನವರು ಪಂಪಿನ ಮಾತು ಬಿಟ್ಟು ಮೊದಲು ಬ್ಯಾಟರಿಯ ವೋಲ್ಟೇಜ್ ಅಳೆಯಿರಿ. ಜಾಯಿಂಟ್, ಬೇರಿಂಗ್ ವಿಚಾರ ನಿಮಗೂ ಅದೇ.

ಅಂದಹಾಗೆ, ಟೈರಿನ ಗಾಳಿ ನೋಡಿದ್ದೀರಾ? ಬರೆದಿಲ್ಲ. ಕಾರಿನ ಕೆಳಗೆ ಹೋದಾಗ ರ‍್ಯಾಕಿನ ಎರಡೂ ತುದಿಯ ರಬ್ಬರ್ ಬೂಟುಗಳನ್ನು ಅಮುಕಿ ನೋಡಿ. ಒಳಗೆ ಆಯಿಲ್ ಗುಳುಗುಳು ಎಂದರೆ ರ‍್ಯಾಕಿನ ಸೀಲ್ ಹೋಗಿದೆ, ಆಗ ಫೋಟೋ ಹಾಕಿ, ಬೇರೆ ಮಾತಾಡೋಣ.